ಮಂಡಿ ನೋಯುವಾಗ ನಡೆಯಬಹುದಾ? ಕೀಲು ಸವೆತ ಮತ್ತು ವ್ಯಾಯಾಮದ ಬಗ್ಗೆ

"ಮಂಡಿ ಚಿಪ್ಪು ಸವೆದಿದೆಯಂತೆ." 55 ದಾಟಿದ ನಾಲ್ಕು ಜನ ಸೇರಿದ ಕಡೆ ಈ ಮಾತು ಬಂದೇ ಬರುತ್ತದೆ. ಎಕ್ಸ್‌ರೇ ನೋಡಿದ ಡಾಕ್ಟರು "ಗ್ಯಾಪ್ ಕಡಿಮೆಯಾಗಿದೆ" ಎಂದಿರುತ್ತಾರೆ. ಅಲ್ಲಿಂದ ಮನೆಯವರ ಕಾಳಜಿ ಶುರು. ಮೆಟ್ಟಿಲು ಹತ್ತಬೇಡಮ್ಮ, ಜಾಸ್ತಿ ನಡೀಬೇಡ, ದೇವಸ್ಥಾನಕ್ಕೆ ಆಟೋದಲ್ಲಿ ಹೋಗು, ನೀನು ಸುಮ್ನೆ ಕೂತಿರು, ಕೆಲಸ ನಾವು ನೋಡ್ಕೋತೀವಿ. ಪ್ರೀತಿಯಿಂದಲೇ ಹೇಳುವ ಮಾತು ಇದು. ಆದರೆ ಇದರಿಂದ ಮಂಡಿಗೆ ಒಳ್ಳೆಯದಾಗುವುದಿಲ್ಲ. ಆರು ತಿಂಗಳು ಹಾಗೆ ಕೂತವರನ್ನು ನೋಡಿ, ಕುರ್ಚಿಯಿಂದ ಏಳುವುದೇ ಅವರಿಗೆ ದೊಡ್ಡ ಕೆಲಸವಾಗಿರುತ್ತದೆ.

ಹೀಗೇಕೆ ಆಗುತ್ತದೆ ಎಂದು ತಿಳಿಯಲು ಮಂಡಿಯ ಒಳಗೆ ಏನಿದೆ ಎಂದು ನೋಡಬೇಕು.

ತೊಡೆಯ ಮೂಳೆ ಕೆಳಗಿಳಿದು ಕಾಲಿನ ಮೂಳೆಯ ಮೇಲೆ ಕೂರುವ ಜಾಗ ಮಂಡಿ. ಎರಡೂ ಮೂಳೆಗಳ ತುದಿಗೆ ಬಿಳಿಯ, ತುಂಬಾ ನುಣುಪಾದ ಒಂದು ಪದರ ಇರುತ್ತದೆ. ಇದೇ ಕಾರ್ಟಿಲೇಜ್, ಶಾಲೆಯ ಪುಸ್ತಕದಲ್ಲಿ ಓದಿದ ಮೃದ್ವಸ್ಥಿ. ದಪ್ಪ ಕೆಲವೇ ಮಿಲಿಮೀಟರ್. ಎಕ್ಸ್‌ರೇಯಲ್ಲಿ ಈ ಪದರ ಕಾಣಿಸುವುದಿಲ್ಲ, ಆ ಜಾಗ ಖಾಲಿ ಇದ್ದ ಹಾಗೆ ತೋರುತ್ತದೆ. ಡಾಕ್ಟರು ಹೇಳುವ ಗ್ಯಾಪ್ ಅದೇ. ಪದರ ತೆಳ್ಳಗಾದರೆ ಗ್ಯಾಪ್ ಕಿರಿದಾಗುತ್ತದೆ.

ಈ ಕಾರ್ಟಿಲೇಜಿನಲ್ಲಿ ರಕ್ತನಾಳ ಇಲ್ಲ, ನರವೂ ಇಲ್ಲ. ಇವೆರಡನ್ನೂ ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ರಕ್ತನಾಳ ಇಲ್ಲ ಅಂದಮೇಲೆ ಅದರೊಳಗಿನ ಜೀವಕೋಶಗಳಿಗೆ ಆಹಾರ ಎಲ್ಲಿಂದ? ಕೀಲಿನೊಳಗೆ ಒಂದು ಜಿಗುಟು ದ್ರವ ಇರುತ್ತದೆ, ಪೋಷಣೆ ಬರುವುದು ಅದರಿಂದ. ಕಾರ್ಟಿಲೇಜಿನ ತೂಕದಲ್ಲಿ ಬಹುಪಾಲು ನೀರೇ. ನಾವು ಹೆಜ್ಜೆ ಊರಿದಾಗ ಅದು ನೀರು ತುಂಬಿದ ಸ್ಪಂಜಿನ ಹಾಗೆ ಅದುಮಿ ದ್ರವವನ್ನು ಹೊರಗೆ ಬಿಡುತ್ತದೆ, ಹೆಜ್ಜೆ ಎತ್ತಿದಾಗ ಮತ್ತೆ ಹೀರಿಕೊಳ್ಳುತ್ತದೆ. ಅದುಮು, ಬಿಡು, ಅದುಮು, ಬಿಡು. ಈ ಕ್ರಿಯೆ ನಡೆದಾಗಲೇ ಒಳಗಿನ ಜೀವಕೋಶಗಳಿಗೆ ಪೋಷಣೆ ಚೆನ್ನಾಗಿ ತಲುಪುವುದು. ದಿನವಿಡೀ ಕೂತರೆ ಅದು ಸರಿಯಾಗಿ ತಲುಪುವುದಿಲ್ಲ. ಮಂಡಿ ಉಳಿಸಿಕೊಳ್ಳಲು ವಿಶ್ರಾಂತಿ ಬೇಕು ಅನ್ನುವ ನಂಬಿಕೆ ತಪ್ಪಾಗುವುದು ಇಲ್ಲೇ.

ಇನ್ನು ನರ. ಕಾರ್ಟಿಲೇಜಿಗೆ ನೋವು ಗೊತ್ತಾಗುವುದೇ ಇಲ್ಲ. ಹಾಗಾದರೆ ನೋಯುವುದು ಯಾವುದು? ಅದರ ಕೆಳಗಿನ ಮೂಳೆ, ಕೀಲಿನ ಒಳಪೊರೆ, ಸುತ್ತಲಿನ ಸ್ನಾಯು ಮತ್ತು ಕಟ್ಟುಗಳು. ಇವೆಲ್ಲದರಲ್ಲೂ ನರಗಳಿವೆ. ಆದ್ದರಿಂದಲೇ ಪದರ ಎಷ್ಟು ತೆಳ್ಳಗಾಗಿದೆ ಎನ್ನುವುದಕ್ಕೂ ಎಷ್ಟು ನೋಯುತ್ತದೆ ಎನ್ನುವುದಕ್ಕೂ ನೇರ ಲೆಕ್ಕ ಕೂಡುವುದಿಲ್ಲ.

1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ವೈದ್ಯರು ಎಕ್ಸ್‌ರೇ ನೋಡಿ ಸವೆತವನ್ನು 0ಯಿಂದ 4ರವರೆಗೆ ಅಳೆಯುವ ಕ್ರಮ ತಂದರು. ಇಂದಿಗೂ ರಿಪೋರ್ಟಿನಲ್ಲಿ "ಗ್ರೇಡ್ 3" ಎಂದು ಬರೆಯುವುದು ಆ ಕ್ರಮದಲ್ಲೇ. ಗ್ರೇಡ್ 4 ಇದ್ದೂ ದಿನಾ ತೋಟ ಸುತ್ತಿ ಬರುವವರಿದ್ದಾರೆ. ಗ್ರೇಡ್ 1ಕ್ಕೇ ಮೆಟ್ಟಿಲು ನೋಡಿದರೆ ಹೆದರುವವರೂ ಇದ್ದಾರೆ. ಎಕ್ಸ್‌ರೇ ಚಿತ್ರ ಬದಲಾಗದೆಯೂ ನೋವು ಇಳಿಯಬಹುದು. ರಿಪೋರ್ಟ್ ಕೈಗೆ ಬಂದ ದಿನ ಯಾರಾದರೂ ಈ ಮಾತು ಹೇಳಿದ್ದರೆ ಎಷ್ಟೋ ಜನರ ಅರ್ಧ ಭಯ ಅಲ್ಲೇ ಹೋಗುತ್ತಿತ್ತು.

"ಗ್ರೀಸ್ ಒಣಗಿದೆ" ಅನ್ನುವ ಮಾತೂ ಇದೆ, ಅಲ್ವಾ? ಅದು ಪೂರ್ತಿ ಸರಿಯಲ್ಲ. ತೊಂದರೆ ಇರುವ ಮಂಡಿಯಲ್ಲಿ ಎಷ್ಟೋ ಸಲ ದ್ರವ ಜಾಸ್ತಿಯೇ ಆಗಿರುತ್ತದೆ, ಊತ ಬರುವುದೇ ಅದರಿಂದ. ಆದರೆ ಆ ದ್ರವ ತೆಳುವಾಗಿ, ಮೊದಲಿನ ಜಿಗುಟು ಕಳೆದುಕೊಂಡಿರುತ್ತದೆ.

ಹೀಗಾಗಿ ಡಾಕ್ಟರು ಆಸ್ಟಿಯೋಆರ್ಥ್ರೈಟಿಸ್ ಎಂದು ಕರೆಯುವ ಈ ಕೀಲು ಸವೆತ ಎಂದರೆ ಉಜ್ಜಿ ಉಜ್ಜಿ ಒಂದು ಪದರ ತೆಳ್ಳಗಾಗುವುದಷ್ಟೇ ಅಲ್ಲ. ಕಾರ್ಟಿಲೇಜಿನಲ್ಲಿ ಒಡೆಯುವ ಕೆಲಸ, ಕಟ್ಟುವ ಕೆಲಸ ಎರಡೂ ಸದಾ ನಡೆಯುತ್ತಿರುತ್ತವೆ. ಈ ಕಾಯಿಲೆಯಲ್ಲಿ ಒಡೆಯುವುದರ ಕೈ ಮೇಲಾಗುತ್ತದೆ. ಕೆಳಗಿನ ಮೂಳೆ ಗಟ್ಟಿಯಾಗುತ್ತದೆ, ಅಂಚಿನಲ್ಲಿ ಮುಳ್ಳಿನಂತೆ ಬೆಳೆಯುತ್ತದೆ. ಒಳಪೊರೆ ಆಗಾಗ ಉರಿ ಏಳುತ್ತದೆ. ತೊಡೆಯ ಸ್ನಾಯು ಸೊರಗುತ್ತದೆ. ಇಡೀ ಕೀಲಿನ ಕಾಯಿಲೆ ಇದು.

ಯಾರಿಗೆ ಬರುತ್ತದೆ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 52.8 ಕೋಟಿ ಜನರಿಗೆ ಈ ಕಾಯಿಲೆ ಇತ್ತು. ಅವರಲ್ಲಿ ಶೇ 60ರಷ್ಟು ಹೆಂಗಸರು. ಎಲ್ಲಕ್ಕಿಂತ ಹೆಚ್ಚು ಕೆಡುವ ಕೀಲು ಮಂಡಿ. ವಯಸ್ಸು ಮುಖ್ಯ ಕಾರಣ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಜಾಸ್ತಿಯಾಗುತ್ತದೆ. ಮನೆತನದಲ್ಲೂ ಬರುತ್ತದೆ. ಹಿಂದೆಂದೋ ಮಂಡಿಗೆ ಬಿದ್ದ ಪೆಟ್ಟು ಇಪ್ಪತ್ತು ವರ್ಷದ ಮೇಲೆ ಹೀಗೆ ಕಾಣಿಸಿಕೊಳ್ಳಬಹುದು. ಕಾಲೇಜಿನಲ್ಲಿ ಕಬಡ್ಡಿ ಆಡುವಾಗ ಮಂಡಿಯ ಕಟ್ಟು ಹರಿದುಕೊಂಡವರು ನಲವತ್ತರಲ್ಲೇ ಜಾಗ್ರತೆ ವಹಿಸಬೇಕು.

ಕುಕ್ಕರಗಾಲಲ್ಲಿ ಕೂರುವ ವಿಷಯಕ್ಕೆ ಬರೋಣ. ಬೀಜಿಂಗ್‌ನ ವಯಸ್ಸಾದವರಲ್ಲಿ ನಡೆದ ಅಧ್ಯಯನವೊಂದರಲ್ಲಿ, ಯೌವನದಲ್ಲಿ ದಿನಕ್ಕೆ ತುಂಬಾ ಹೊತ್ತು ಹಾಗೆ ಕೂರುತ್ತಿದ್ದವರಿಗೆ ಮಂಡಿಯ ತೊಂದರೆ ಹೆಚ್ಚಾಗಿ ಕಂಡಿತು. ನಮ್ಮ ಕಡೆ ಕಳೆ ಕೀಳುವವರು, ನೆಲ ಸಾರಿಸುವವರು, ಟೈಲ್ಸ್ ಹಾಕುವವರು ಗಂಟೆಗಟ್ಟಲೆ ಹೀಗೇ ಇರುತ್ತಾರೆ. ಹಾಗೆಂದು ನೆಲದ ಮೇಲೆ ಕೂತು ಊಟ ಮಾಡುವುದೇ ತಪ್ಪು ಎಂದಲ್ಲ. ಆಗಾಗ ಮಂಡಿ ಪೂರ್ತಿ ಮಡಚುವುದು ಒಳ್ಳೆಯದೇ. ಗಂಟೆಗಟ್ಟಲೆ ಅದೇ ಭಂಗಿಯಲ್ಲಿ, ಅದರಲ್ಲೂ ಭಾರ ಎತ್ತುತ್ತಾ ಇರುವುದು ಬೇರೆ. ನೋವು ಶುರುವಾದವರು ಕಳೆ ಕೀಳಲು ಗಿಡ್ಡ ಸ್ಟೂಲ್ ಇಟ್ಟುಕೊಳ್ಳಲಿ, ನೆಲ ಒರೆಸಲು ಉದ್ದ ಹಿಡಿಯ ಮಾಪ್ ತರಲಿ, ಕಮೋಡ್ ಹಾಕಿಸಿಕೊಳ್ಳಲಿ. ಇದರಲ್ಲಿ ಸೋಲೇನೂ ಇಲ್ಲ.

ಕೀಲು ನೋವೆಲ್ಲ ಇದೇ ಅಂದುಕೊಳ್ಳಬಾರದು. 2006ರಲ್ಲಿ ಕರ್ನಾಟಕದ ಹಳ್ಳಿಹಳ್ಳಿಗೆ ಹಬ್ಬಿದ ಚಿಕೂನ್‌ಗುನ್ಯ ಎಷ್ಟೋ ಜನರ ಕೀಲುಗಳನ್ನು ತಿಂಗಳುಗಟ್ಟಲೆ ಹಿಡಿದಿಟ್ಟಿತ್ತು. ಅದು ವೈರಸ್‌ನಿಂದ ಬರುವ ನೋವು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಕಾಯಿಲೆ ವಂಶದಲ್ಲೇ ಹರಿದು ಬರುವಂಥದ್ದು, ಚಿಕ್ಕ ವಯಸ್ಸಿನಲ್ಲೇ ಸೊಂಟದ ಕೀಲನ್ನು ಕೆಡಿಸುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿಬೀಳುತ್ತದೆ. ಅದರಲ್ಲಿ ಬೆಳಗಿನ ಬಿಗಿತ ಗಂಟೆ ಕಳೆದರೂ ಹೋಗುವುದಿಲ್ಲ, ಎರಡೂ ಕೈಗಳ ಸಣ್ಣ ಕೀಲುಗಳು ಊದುತ್ತವೆ. ಆಸ್ಟಿಯೋಆರ್ಥ್ರೈಟಿಸ್‌ನಲ್ಲಿ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲಾಗುತ್ತದೆ. ಮಂಡಿ ಕೆಂಪಾಗಿ ಬಿಸಿಯಾಗಿ ಜ್ವರ ಬಂದಿದ್ದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮಂಡಿ ಮಡಚಿದಲ್ಲೇ ಸಿಕ್ಕಿಹಾಕಿಕೊಂಡರೆ ವ್ಯಾಯಾಮದ ಮಾತು ಬಿಟ್ಟು ಮೊದಲು ಡಾಕ್ಟರ ಹತ್ತಿರ ಹೋಗಿ.

ವ್ಯಾಯಾಮ ಏನು ಮಾಡುತ್ತದೆ

ಮಂಡಿಯ ಮೇಲೆ ಬೀಳುವ ಭಾರವನ್ನು ಹಿಡಿದು ನಿಲ್ಲಿಸುವುದು ತೊಡೆಯ ಮುಂಭಾಗದ ದೊಡ್ಡ ಸ್ನಾಯು. ಮೆಟ್ಟಿಲು ಇಳಿಯುವಾಗ ದೇಹ ದಡಕ್ಕನೆ ಕೆಳಗೆ ಬೀಳದಂತೆ ನಿಧಾನವಾಗಿ ಬಿಡುವುದು ಅದೇ. ಮಂಡಿ ನೊಂದು ಊದಿದಾಗ ಮಿದುಳು ಈ ಸ್ನಾಯುವಿಗೆ ಕೊಡುವ ಆಜ್ಞೆಯನ್ನು ತಾನಾಗಿಯೇ ತಗ್ಗಿಸುತ್ತದೆ. ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಭಾರ ಹಿಡಿಯುವುದಿಲ್ಲ, ಅದು ಕೀಲಿನ ಮೇಲೆ ಬೀಳುತ್ತದೆ. ಕೀಲು ಇನ್ನಷ್ಟು ನೋಯುತ್ತದೆ. ನೋಯುತ್ತದೆಂದು ನಾವು ಇನ್ನಷ್ಟು ಕೂರುತ್ತೇವೆ. ಈ ಸುತ್ತನ್ನು ಮಾತ್ರೆಯೊಂದೇ ಮುರಿಯಲಾರದು, ಸ್ನಾಯುವಿಗೆ ಕೆಲಸ ಕೊಟ್ಟೇ ಮುರಿಯಬೇಕು.

ಲಾಭ ಎಷ್ಟು ಎಂದು ನೇರವಾಗಿ ಹೇಳಬೇಕು. 2015ರಲ್ಲಿ, ಚಿಕಿತ್ಸೆಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಮಂಡಿಯ ವ್ಯಾಯಾಮದ ಬಗ್ಗೆ ನಡೆದ 54 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ನೂರರ ಅಳತೆಯಲ್ಲಿ ನೋವು ಸರಾಸರಿ 12ರಷ್ಟು ಇಳಿದಿತ್ತು. ಆಮೇಲೆ ಬಂದ ಪರಿಶೀಲನೆಗಳು ಲಾಭ ಇನ್ನೂ ಸ್ವಲ್ಪ ಕಡಿಮೆ ಎನ್ನುತ್ತವೆ. ಪವಾಡವೇನಲ್ಲ. ಆದರೆ ನೋವಿನ ಮಾತ್ರೆ ಕೊಡುವ ಲಾಭವೂ ಸುಮಾರು ಇಷ್ಟೇ. ಮಾತ್ರೆಗೆ ಹೊಟ್ಟೆ, ಕಿಡ್ನಿ, ಬಿಪಿಯ ಭಯ ಇದೆ. ವ್ಯಾಯಾಮದಿಂದ ಶುಗರ್, ಬಿಪಿ, ನಿದ್ದೆ ಮೂರೂ ಸುಧಾರಿಸುತ್ತವೆ. ಡೆನ್ಮಾರ್ಕ್‌ನಲ್ಲಿ 2013ರಿಂದ ಇದಕ್ಕೆಂದೇ ಒಂದು ಕಾರ್ಯಕ್ರಮ ನಡೆಯುತ್ತಿದೆ, ಹೆಸರು ಗ್ಲಾಡ್. ಕಾಯಿಲೆ ಏನೆಂದು ತಿಳಿಸುವ ಎರಡು ಮೂರು ಪಾಠ, ಆಮೇಲೆ ಆರು ವಾರ, ವಾರಕ್ಕೆ ಎರಡು ಸಲ ಫಿಸಿಯೋಥೆರಪಿಸ್ಟ್ ಎದುರು ವ್ಯಾಯಾಮ. ಅಲ್ಲಿಂದ ಅದು ಹಲವು ದೇಶಗಳಿಗೆ ಹೋಗಿದೆ.

ಓಡಿದರೆ ಮಂಡಿ ಹಾಳಾಗುತ್ತದೆ ಅನ್ನುವ ಹೆದರಿಕೆಯೂ ಬೇಡ. ಆರೋಗ್ಯಕ್ಕಾಗಿ ಮಿತವಾಗಿ ಓಡುವವರಲ್ಲಿ ಈ ತೊಂದರೆ, ಕೂತೇ ಇರುವವರಿಗಿಂತ ಕಡಿಮೆಯೇ ಕಂಡಿದೆ. ಆದರೆ ಈಗಾಗಲೇ ನೋಯುತ್ತಿರುವ ಮಂಡಿಗೆ ಓಟದಿಂದ ಶುರು ಮಾಡುವುದು ಜಾಣತನವಲ್ಲ.

ಶುರು ಮಾಡುವುದು ಹೇಗೆ

ಮೊದಲು ಹಾಸಿಗೆಯ ಮೇಲೆ. ಕಾಲು ಚಾಚಿ ಕೂತು ಟವಲ್ ಒಂದನ್ನು ಸುರುಳಿ ಸುತ್ತಿ ಮಂಡಿಯ ಕೆಳಗಿಡಿ. ಮಂಡಿಯಿಂದ ಆ ಟವಲನ್ನು ಕೆಳಗೆ ಒತ್ತಿ, ಐದು ಎಣಿಸಿ, ಬಿಡಿ. ತೊಡೆಯ ಮೇಲೆ ಕೈಯಿಟ್ಟರೆ ಸ್ನಾಯು ಗಟ್ಟಿಯಾಗುವುದು ತಿಳಿಯಬೇಕು. ಹತ್ತು ಸಲ. ಜಾಸ್ತಿ ನೋವಿರುವ ದಿನವೂ ಇದನ್ನು ಮಾಡಬಹುದು. ಆಮೇಲೆ ಮಲಗಿ ಒಂದು ಕಾಲು ಮಡಚಿಕೊಂಡು, ಇನ್ನೊಂದನ್ನು ನೇರವಾಗಿ ಒಂದು ಅಡಿ ಎತ್ತಿ ಹಿಡಿದು ನಿಧಾನವಾಗಿ ಇಳಿಸಿ. ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು ಸೊಂಟದ ಪಕ್ಕದ ಸ್ನಾಯುವಿಗೆ. ಅದನ್ನು ಜನ ಮರೆಯುತ್ತಾರೆ. ನಡೆಯುವಾಗ ಮಂಡಿ ಒಳಗೆ ವಾಲದಂತೆ ನೋಡಿಕೊಳ್ಳುವುದರಲ್ಲಿ ಅದರ ಪಾತ್ರ ದೊಡ್ಡದು.

ನನ್ನನ್ನು ಕೇಳಿದರೆ, ಒಂದೇ ವ್ಯಾಯಾಮ ಮಾಡುವಷ್ಟು ಸಮಯ ಇರುವವರು ಕುರ್ಚಿಯಿಂದ ಎದ್ದು ಕೂರುವುದನ್ನು ಮಾಡಲಿ. ಊಟದ ಮೇಜಿನ ಗಟ್ಟಿ ಕುರ್ಚಿಯನ್ನು ಗೋಡೆಗೆ ಒರಗಿಸಿಡಿ. ಜಾರುವ ಪ್ಲಾಸ್ಟಿಕ್ ಕುರ್ಚಿ ಬೇಡ. ಅಂಚಿಗೆ ಬಂದು ಕೂತು, ಪಾದಗಳನ್ನು ಸೊಂಟದಷ್ಟು ಅಗಲಕ್ಕೆ ಇಟ್ಟು, ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಹಿಮ್ಮಡಿ ಒತ್ತಿ ಏಳಿ. ಪೂರ್ತಿ ನೆಟ್ಟಗೆ ನಿಲ್ಲಿ. ಈಗ ಮುಖ್ಯವಾದ ಭಾಗ: ಧೊಪ್ಪನೆ ಕೂರಬೇಡಿ. ಒಂದು, ಎರಡು, ಮೂರು ಎಣಿಸುತ್ತಾ ಇಳಿಯಿರಿ. ಸ್ನಾಯುವಿಗೆ ಹೆಚ್ಚು ಕೆಲಸ ಸಿಗುವುದು ಈ ಇಳಿಯುವುದರಲ್ಲೇ. ಬೀರು ಕನ್ನಡಿಯ ಎದುರು ಮಾಡಿ. ಸೀರೆ, ನೈಟಿ ಮಂಡಿಯನ್ನು ಮುಚ್ಚಿರುತ್ತದೆ, ಸ್ವಲ್ಪ ಎತ್ತಿ ಸಿಕ್ಕಿಸಿಕೊಂಡು ನೋಡಿ. ಎರಡೂ ಮಂಡಿ ಏಳುವಾಗ ಒಂದಕ್ಕೊಂದು ಹತ್ತಿರ ಬಂದರೆ ತಪ್ಪು, ಅವು ಕಾಲಿನ ಎರಡನೇ ಬೆರಳಿನ ನೇರಕ್ಕೇ ಇರಬೇಕು. ಕಷ್ಟವಾದರೆ ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರ ಮಾಡಿಕೊಳ್ಳಿ, ಕೈ ಊರಿ ಏಳಿ. ಎಂಟು ಹತ್ತು ಸಲ, ಸುಧಾರಿಸಿಕೊಂಡು ಇನ್ನೊಮ್ಮೆ. ವಾರ ಕಳೆದ ಹಾಗೆ ದಿಂಬು ತೆಗೆಯಿರಿ, ಆಮೇಲೆ ಕೈ ಬಿಡಿ.

ವಾರಕ್ಕೆ ಎರಡು ಮೂರು ದಿನ ಈ ಬಲದ ವ್ಯಾಯಾಮ ಸಾಕು. ಮಧ್ಯದ ದಿನಗಳಲ್ಲಿ ನಡಿಗೆ. ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದನ್ನು ಹಾಲು ಕಾಯುವ ಹೊತ್ತಿನಲ್ಲೇ ಮಾಡಬಹುದು. ನಡಿಗೆಯನ್ನು ಒಂದೇ ಏಟಿಗೆ ಮುಗಿಸಬೇಕೆಂದಿಲ್ಲ. ಹತ್ತು ನಿಮಿಷದ ಮೂರು ಸುತ್ತು ಅರ್ಧ ಗಂಟೆಯೇ ಆಯಿತು. ಬೆಳಿಗ್ಗೆ ಬಿಗಿತ ಇರುವವರು ಹಾಸಿಗೆ ಬಿಡುವ ಮೊದಲು ಮಂಡಿಯನ್ನು ಹತ್ತು ಸಲ ಮಡಚಿ ಚಾಚಿದರೆ ಹಗುರವಾಗುತ್ತದೆ. ನಡೆಯಲೂ ಆಗದವರಿಗೆ ಈಜುಕೊಳ ಅಥವಾ ನಿಂತಲ್ಲೇ ತುಳಿಯುವ ಸೈಕಲ್ ಒಳ್ಳೆಯದು. ಯೋಗ ಮಾಡುವವರು ಮಾಡಲಿ, ಆದರೆ ನೋವು ಇರುವಾಗ ಹಲ್ಲುಕಚ್ಚಿ ವಜ್ರಾಸನದಲ್ಲಿ ಕೂರುವುದು ಬೇಡ.

ಮಾಡುವಾಗ ನೋಯುತ್ತದಲ್ಲ, ಏನು ಮಾಡುವುದು? ಹೆಚ್ಚಿನವರು ನಿಲ್ಲಿಸಿಬಿಡುವುದು ಇಲ್ಲೇ. ಫಿಸಿಯೋಥೆರಪಿಸ್ಟ್‌ಗಳು ಬಳಸುವ ಸರಳ ಅಳತೆ ಒಂದಿದೆ. ನೋವೇ ಇಲ್ಲದಿರುವುದು 0, ತಡೆಯಲಾಗದ ನೋವು 10 ಎಂದಿಟ್ಟುಕೊಳ್ಳಿ. ವ್ಯಾಯಾಮದ ಹೊತ್ತಿನಲ್ಲಿ 5ರವರೆಗೆ ಹೋದರೂ ಪರವಾಗಿಲ್ಲ, 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು, ಅಷ್ಟೇ. ಮರುದಿನವೂ ಇಳಿಯದಿದ್ದರೆ, ಊತ ಜಾಸ್ತಿಯಾದರೆ, ನಿಲ್ಲಿಸಬೇಡಿ, ಅರ್ಧಕ್ಕೆ ಇಳಿಸಿ. ಹತ್ತರ ಬದಲು ಐದು ಸಲ. ಸ್ನಾಯು ಬಲವಾಗಲು ಆರರಿಂದ ಎಂಟು ವಾರ ಬೇಕು. ಎರಡನೇ ವಾರಕ್ಕೇ "ಏನೂ ಪ್ರಯೋಜನ ಇಲ್ಲ" ಎಂದು ಬಿಟ್ಟವರು ಲಾಭ ಬರುವ ಮೊದಲೇ ಎದ್ದು ಹೋದ ಹಾಗೆ. ಇನ್ನೊಂದು ಮಾತು: ಬಿಟ್ಟರೆ ಗಳಿಸಿದ್ದು ಕೆಲವು ತಿಂಗಳಲ್ಲಿ ಕರಗುತ್ತದೆ.

ಮೆಟ್ಟಿಲು ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಊರುಗೋಲು ನೋಯುವ ಮಂಡಿಯ ಎದುರು ಬದಿಯ ಕೈಯಲ್ಲಿರಲಿ. ಬಹಳ ಜನ ನೋಯುವ ಕಡೆಯ ಕೈಯಲ್ಲೇ ಹಿಡಿಯುತ್ತಾರೆ, ಅದರಿಂದ ಭಾರ ಅಷ್ಟಾಗಿ ತಗ್ಗುವುದಿಲ್ಲ.

ತೂಕದ ಲೆಕ್ಕ

ಸಮತಟ್ಟು ನೆಲದಲ್ಲಿ ನಡೆಯುವಾಗಲೇ ಮಂಡಿಯ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಭಾರ ಬೀಳುತ್ತದೆ. 2005ರಲ್ಲಿ ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿ ತೋರಿಸಿದ ಪ್ರಕಾರ, 1 ಕೆಜಿ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ 4 ಕೆಜಿ ಇಳಿಯುತ್ತದೆ. 5 ಕೆಜಿ ಇಳಿಸಿದವರಿಗೆ ಹೆಜ್ಜೆಗೆ 20 ಕೆಜಿ ಉಳಿತಾಯ. ದಿನಕ್ಕೆ 5000 ಹೆಜ್ಜೆ ಹಾಕುವವರಿಗೆ ಒಟ್ಟು 1 ಲಕ್ಷ ಕೆಜಿ. ದಿನವೊಂದಕ್ಕೆ! ಭಾರವಷ್ಟೇ ಅಲ್ಲ, ಕೊಬ್ಬು ತಾನೇ ಉರಿ ಹೆಚ್ಚಿಸುವ ರಾಸಾಯನಿಕಗಳನ್ನು ಬಿಡುತ್ತದೆ. ದಪ್ಪಗಿರುವವರಿಗೆ ಭಾರ ಹೊರದ ಕೈಬೆರಳಿನ ಕೀಲುಗಳಲ್ಲೂ ಈ ಕಾಯಿಲೆ ಹೆಚ್ಚಾಗಿ ಕಾಣುವುದಕ್ಕೆ ಅದೂ ಒಂದು ಕಾರಣ ಎನ್ನುತ್ತಾರೆ. ಆದ್ದರಿಂದ ಅನ್ನದ ಎರಡನೇ ಸುತ್ತು, ಸಂಜೆಯ ಬೋಂಡ, ದಿನಕ್ಕೆ ನಾಲ್ಕು ಸಲದ ಸಕ್ಕರೆ ಕಾಫಿ, ಇವೂ ಮಂಡಿಯ ಚಿಕಿತ್ಸೆಯ ಮಾತೇ.

ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಕಾರ್ಟಿಲೇಜಿಗೆ ಒಳ್ಳೆಯದೆಂದು ಮಾರುವ ಗ್ಲುಕೋಸಮೈನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಿದ್ದಾರೆ. 2006ರಲ್ಲಿ ಅಮೆರಿಕದಲ್ಲಿ 1583 ಜನರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಒಟ್ಟಾರೆ ನೋಡಿದರೆ ಅದು ಔಷಧಿ ಇಲ್ಲದ ಹುಸಿ ಮಾತ್ರೆಗಿಂತ ಮೇಲು ಎಂದು ಕಾಣಲಿಲ್ಲ. ಆ ದುಡ್ಡಿಗೆ ನಾಲ್ಕು ಸಲ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ವ್ಯಾಯಾಮ ಸರಿಯಾಗಿ ಕಲಿತು ಬರುವುದು ಮೇಲು. ನೋವು ಜಾಸ್ತಿಯಾದ ದಿನಗಳಿಗೆ ಮಂಡಿಗೆ ಹಚ್ಚುವ ಡೈಕ್ಲೋಫಿನಾಕ್ ಜೆಲ್, ನುಂಗುವ ಮಾತ್ರೆಗಿಂತ ಸುರಕ್ಷಿತ. ಬಿಸಿ ಶಾಖವೂ ಹಿತ.

ಕ್ಯಾಮೆರಾ ಇಳಿಸಿ ಮಂಡಿಯ ಒಳಗೆ "ಕ್ಲೀನ್" ಮಾಡಿಸುವ ಆಪರೇಷನ್ ಬಗ್ಗೆ 2002ರ ಒಂದು ಪ್ರಯೋಗ ಹೇಳಲೇಬೇಕು. ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿನವರಿಗೆ ಒಳಗೆ ತೊಳೆದು ಕೆರೆದು ಸರಿಮಾಡಿದರು, ಇನ್ನೊಂದಕ್ಕೆ ಬರೀ ತೊಳೆದರು. ಮೂರನೆಯವರಿಗೆ ಚರ್ಮದ ಮೇಲೆ ಗಾಯ ಮಾಡಿ ಹೊಲಿದರು, ಅಷ್ಟೇ. ಯಾರಿಗೆ ಯಾವುದು ಎಂದು ರೋಗಿಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷವಾದರೂ ಮೂರು ಗುಂಪಿನ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಬರೀ ಸವೆತಕ್ಕಾಗಿ ಈ ಆಪರೇಷನ್ ಮಾಡಿಸಿ ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ.

ಮಂಡಿ ಬದಲಿಸುವ ಶಸ್ತ್ರಚಿಕಿತ್ಸೆಯ ಕಥೆ ಬೇರೆ. ರಾತ್ರಿ ನಿದ್ದೆ ಕೆಡಿಸುವ ನೋವು, ಮನೆಯೊಳಗೇ ಓಡಾಡಲಾಗದ ಸ್ಥಿತಿ, ವ್ಯಾಯಾಮ ಮತ್ತು ಔಷಧಿಗೆ ಬಗ್ಗದ ಮಂಡಿ ಇದ್ದವರಿಗೆ ಅದು ದೊಡ್ಡ ವರ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದ ಮೇಲೆ ಖರ್ಚೂ ಒಂದಿಷ್ಟು ತಗ್ಗಿದೆ. 2015ರಲ್ಲಿ ಡೆನ್ಮಾರ್ಕ್‌ನವರು ಇದನ್ನೂ ಹೋಲಿಸಿ ನೋಡಿದರು. ಶಸ್ತ್ರಚಿಕಿತ್ಸೆಗೆ ಅರ್ಹರಾದ 100 ಜನರಲ್ಲಿ ಅರ್ಧ ಜನರಿಗೆ ಶಸ್ತ್ರಚಿಕಿತ್ಸೆ ಮಾಡಿ ಆಮೇಲೆ ವ್ಯಾಯಾಮ, ಉಳಿದ ಅರ್ಧಕ್ಕೆ ವ್ಯಾಯಾಮ, ಆಹಾರ ಸಲಹೆ, ಔಷಧಿ ಮಾತ್ರ. ಶಸ್ತ್ರಚಿಕಿತ್ಸೆ ಆದವರ ನೋವು ಹೆಚ್ಚು ಇಳಿಯಿತು, ಗಂಭೀರ ತೊಡಕುಗಳೂ ಅವರಲ್ಲೇ ಹೆಚ್ಚು. ಇನ್ನೊಂದು ಗುಂಪಿನ 50 ಜನರಲ್ಲಿ ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದವರು 13 ಜನ. ಉಳಿದ 37 ಜನ ಆ ವರ್ಷ ತಮ್ಮ ಸ್ವಂತ ಮಂಡಿಯಲ್ಲೇ ನಡೆದರು.

ಶಸ್ತ್ರಚಿಕಿತ್ಸೆ ಬೇಕೇ ಬೇಕು ಎಂದು ತೀರ್ಮಾನವಾದವರು ದಿನಾಂಕ ಸಿಗುವವರೆಗೆ ಸುಮ್ನೆ ಕೂರಬೇಡಿ. ಈಗ ಕಟ್ಟಿಕೊಂಡ ತೊಡೆಯ ಬಲ ಆಮೇಲೆ ಬೇಗ ಚೇತರಿಸಿಕೊಳ್ಳಲು ಬೇಕಾಗುತ್ತದೆ. ಎಷ್ಟೋ ಆಸ್ಪತ್ರೆಗಳಲ್ಲಿ ಈಗ ಆಪರೇಷನ್ ಆದ ದಿನವೋ ಮರುದಿನವೋ ವಾಕರ್ ಹಿಡಿಸಿ ಎಬ್ಬಿಸುತ್ತಾರೆ, ಮಂಡಿಯ ಕೆಳಗೆ ಟವಲ್ ಸುರುಳಿ ಇಟ್ಟು "ಒತ್ತಿ, ಐದು ಎಣಿಸಿ, ಬಿಡಿ" ಎನ್ನುತ್ತಾರೆ.